ಭಾನುವಾರದ ಅಭ್ಯಾಸದ ಬಗ್ಗೆ

ಆತ್ಮೀಯ ಸದಸ್ಯರೆಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 6 ಗಂಟೆಗೆ ಎಲ್ಲರೂ ಸರಸ್ವತಿಪುರಂನ ಈಜುಕೊಳದ ಬಳಿ ಸೇರಬೇಕೆಂದು ಕೋರುತ್ತೇನೆ. ಒಲಿಂಪಿಕ್ ಟ್ರಯಥ್ಲಾನ್‌ನ ಅರ್ಧದಷ್ಟು ದೂರವನ್ನು, ಅಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್ ಮತ್ತು ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ 5 ಕಿ.ಮೀ. ಓಟವನ್ನು ಈ ಬಾರಿ ಪೂರೈಸೋಣ.

ಕಳೆದ ವಾರ ಚಾಮುಂಡಿ ಬೆಟ್ಟದ ಏರಿನಲ್ಲಿ ನಮ್ಮಿಬ್ಬರು ಸದಸ್ಯರು ಪ್ರತಿ ತಿರುವಿನಲ್ಲೂ ಒಬ್ಬರನ್ನೊಬ್ಬರು ಹಿಂದಿಕ್ಕುತ್ತಾ ಸಾಗಿದ್ದನ್ನೂ, ಮೊದಲು ಮೇಲೆ ತಲುಪಿದವರು ಸುಧಾರಿಸಿಕೊಳ್ಳದೆ ಮತ್ತೆ ಕೆಳಗಿಳಿದು ಬಂದು, ಕೊನೆಯಲ್ಲಿದ್ದ ಹೊಸಬರ ಜೊತೆ ಮಾತನಾಡುತ್ತಾ ಇನ್ನೊಮ್ಮೆ ಹತ್ತಿದ್ದನ್ನೂ ನೋಡಿ ನನಗೆ ಬಹಳ ಸಂತೋಷವಾಯಿತು. ನಮ್ಮ ಗುಂಪಿನಲ್ಲಿ ಪೈಪೋಟಿ ಹೀಗೆಯೇ ಇರಬೇಕೆಂಬುದು ನನ್ನ ಆಸೆ.

ಆದರೆ ಪೈಪೋಟಿ ಏರಿಗಷ್ಟೇ ಇರಲಿ; ಇಳಿಜಾರಿನಲ್ಲಿ ಬಸ್ಸುಗಳೂ ಮಂಗಗಳೂ ಎದುರಾಗುವುದರಿಂದ ಅಲ್ಲಿ ಯಾರೂ ಯಾರನ್ನೂ ಹಿಂದಿಕ್ಕಬಾರದು. ಮುಂದಿನವರ ಬೆನ್ನಿಗೆ ಅಂಟಿಕೊಂಡು ಸೈಕಲ್ ತುಳಿದರೆ ಗಾಳಿಯ ತಡೆ ಕಡಿಮೆಯಾಗಿ ಶ್ರಮ ಉಳಿಯುತ್ತದೆ ನಿಜ, ಆದರೆ ಹವ್ಯಾಸಿಗಳ ಬಹುತೇಕ ಸ್ಪರ್ಧೆಗಳಲ್ಲಿ ಅದಕ್ಕೆ ಅವಕಾಶವಿಲ್ಲದ ಕಾರಣ, ಅಂತರ ಕಾಯ್ದುಕೊಳ್ಳುವುದನ್ನು ಈಗಿನಿಂದಲೇ ರೂಢಿಸಿಕೊಳ್ಳೋಣ.

ಕೆರೆಯ ಬಳಿ ವಾಯುವಿಹಾರಕ್ಕೆ ಬಂದ ಹಿರಿಯರಿಗೆ ದಾರಿ ಬಿಡಿ. ಹೆಲ್ಮೆಟ್ ಕಡ್ಡಾಯ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ.