ನಮ್ಮಮ್ಮ ಕೂರೋ ಮೂರಡಿ ಜಾಗದ ಬಗ್ಗೆ, ಪೌರಾಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪೌರಾಯುಕ್ತರಿಗೆ ನಮಸ್ಕಾರ ಸರ್,

ನಾನು ಇದೇ ಊರಲ್ಲಿ ಹುಟ್ಟಿ ಬೆಳೆದವನು. ಬಸ್ ಸ್ಟ್ಯಾಂಡಿಂದ ದೊಡ್ಡಾಸ್ಪತ್ರೆಗೆ ಹೋಗೋ ರಸ್ತೇಲಿ ನಮ್ಮಮ್ಮ ಇಪ್ಪತ್ತೆರಡು ವರ್ಷದಿಂದ ತರಕಾರಿ ಮಾರ್ತಾಳೆ, ನಾನು ಡಿಗ್ರಿ ಓದಿದ್ದು ಆ ದುಡ್ಡಲ್ಲೇ. ಹೋದ ತಿಂಗಳು ನಿಮ್ಮ ಆಫೀಸಿನ ಆಟೋ ಬಂದು ಮೈಕಲ್ಲಿ ಕೂಗ್ಕೊಂಡು ಹೋಯ್ತು, ಈ ರಸ್ತೆಯ ವ್ಯಾಪಾರಿಗಳೆಲ್ಲ ರಿಂಗ್ ರೋಡ್ ಹತ್ರ ಕಟ್ಟಿರೋ ಹೊಸ ಶೆಡ್ಡಿಗೆ ಹೋಗ್ಬೇಕು, ಇಲ್ಲಾಂದ್ರೆ ಸಾಮಾನು ಎತ್ಕೊಂಡು ಹೋಗ್ತೀವಿ ಅಂತ. ಅದರ ಬಗ್ಗೆನೇ ಈ ಪತ್ರ.

ಶೆಡ್ ನೋಡ್ಕೊಂಡು ಬಂದೆ ಸರ್. ಚೆನ್ನಾಗೇ ಕಟ್ಟಿಸಿದ್ದೀರಿ, ಮೇಲೆ ಶೀಟ್ ಇದೆ, ನಲ್ಲಿ ಇದೆ, ಟಾಯ್ಲೆಟ್ ಇದೆ, ಇಪ್ಪತ್ತೆರಡು ವರ್ಷ ಅಮ್ಮ ಟಾಯ್ಲೆಟ್ಟಿಗೆ ಅಂತ ಆಸ್ಪತ್ರೆ ಒಳಗೆ ಹೋಗಿ ಬರ್ತಿದ್ಲು, ಹಾಗಾಗಿ ಅದು ಎಷ್ಟು ದೊಡ್ಡ ವಿಷಯ ಅಂತ ನನಗೆ ಗೊತ್ತು. ಆದ್ರೆ ಅಲ್ಲಿ ನಾನು ಒಂದು ಗಂಟೆ ನಿಂತಿದ್ದೆ. ನಡ್ಕೊಂಡು ಹೋಗೋರು ಒಬ್ರೂ ಕಾಣ್ಲಿಲ್ಲ. ಲಾರಿ, ಕಾರು, ಅಷ್ಟೇ.

ಬೀದಿ ಬದಿ ವ್ಯಾಪಾರಿಯ ಬಂಡವಾಳ ಬುಟ್ಟೀಲಿರೋ ಸಾಮಾನು ಅಂತ ಎಲ್ರೂ ಅಂದ್ಕೋತಾರೆ, ಅಲ್ಲ ಸರ್, ಬಂಡವಾಳ ಅಂದ್ರೆ ಕೂತಿರೋ ಜಾಗ. ಅಮ್ಮ ಬೆಳಗ್ಗೆ ನಾಲ್ಕೂವರೆಗೆ ಎಪಿಎಂಸಿಗೆ ಹೋಗಿ ಮಾಲು ಎತ್ತಿಕೊಂಡು ಆರು ಗಂಟೆಗೆಲ್ಲ ಗೋಣಿಚೀಲ ಹಾಸಿ ಕೂತಿರ್ತಾಳೆ, ಯಾಕೆ ಆರಕ್ಕೇ ಅಂದ್ರೆ ಆಸ್ಪತ್ರೇಲಿ ನೈಟ್ ಡ್ಯೂಟಿ ಮುಗಿಸಿದ ನರ್ಸ್‌ಗಳು ಮನೆಗೆ ಹೋಗ್ತಾ ತರಕಾರಿ ತಗೋಳೋದು ಆಗಲೇ, ಆಮೇಲೆ ಹನ್ನೊಂದರಿಂದ ನಾಲ್ಕರವರೆಗೆ ನೊಣ ಓಡಿಸ್ಕೊಂಡು ಕೂರೋದೇ, ಮತ್ತೆ ಐದೂವರೆಗೆ ಹಳ್ಳಿ ಬಸ್ಸು ಹಿಡಿಯೋರು, ಏಳಕ್ಕೆ ಆಫೀಸಿಂದ ಬರೋರು, ಎಂಟಾದ್ಮೇಲೆ ಉಳಿದಿದ್ದನ್ನ ಗುಡ್ಡೆ ಹಾಕಿ ಬಂದಷ್ಟಕ್ಕೆ ಕೊಟ್ಟು ಬರೋದು. ಬೀನ್ಸ್ ಎಷ್ಟು ತರ್ಬೇಕು, ಟೊಮೆಟೊ ಒಂದು ಕ್ರೇಟ್ ಸಾಕಾ ಎರಡು ಬೇಕಾ ಅನ್ನೋ ಲೆಕ್ಕ ಎಲ್ಲ ಈ ಓಡಾಟದ ಮೇಲೇ ನಿಂತಿರೋದು. ಸಂಜೆಗೆ ಬಾಡಿಹೋಗೋ ಮಾಲು ಇಟ್ಕೊಂಡೋರಿಗೆ ಈ ಲೆಕ್ಕ ಒಂದು ವಾರ ತಪ್ಪಿದ್ರೆ ಮುಂದಿನ ವಾರಕ್ಕೆ ಬಂಡವಾಳ ಇರಲ್ಲ.

ಇನ್ನೊಂದು ಇದೆ, ಇದು ಯಾವ ಫೈಲಲ್ಲೂ ಬಂದಿರಲ್ಲ ಅಂತ ಹೇಳ್ತಿದೀನಿ. ಉದ್ರಿ. ಅಮ್ಮನ ಹತ್ರ ಹಳೇ ಸ್ಕೂಲ್ ನೋಟ್‌ಬುಕ್ ಒಂದಿದೆ, ಅದರಲ್ಲಿ ಹೆಸರುಗಳು ಕಡಿಮೆ, 'ಕನ್ನಡಕದ ಮೇಷ್ಟ್ರು', 'ಬ್ಲಡ್ ಬ್ಯಾಂಕ್ ಅಕ್ಕ', 'ಮೂಲೆ ಟೈಲರ್ ಸೊಸೆ', ಹೀಗೆ ಬರೆದು ಮುಂದೆ ದುಡ್ಡು. ಯಾವಾಗ್ಲೂ ಏನಿಲ್ಲಾಂದ್ರೂ ಎರಡು ಮೂರು ಸಾವಿರ ರೂಪಾಯಿ ಆ ರಸ್ತೇಲಿ ಜನರ ಹತ್ರ ಇರುತ್ತೆ. ಅವರು ದಿನಾ ಎದುರಿಗೇ ಹಾದು ಹೋಗ್ತಾರೆ ಅನ್ನೋದೊಂದೇ ಅದಕ್ಕೆ ಗ್ಯಾರಂಟಿ. ಅಮ್ಮನ್ನ ಮೂರು ಕಿಲೋಮೀಟರ್ ಆಚೆ ಕೂರ್ಸಿದ್ರೆ ಬುಟ್ಟಿ ಜೊತೆಗೆ ಹೋಗುತ್ತೆ, ಆ ದುಡ್ಡು ಹೋಗಲ್ಲ.

ಕಾನೂನಿಗೂ ಇದು ಗೊತ್ತು ಸರ್. ಬೀದಿ ಬದಿ ವ್ಯಾಪಾರಿಗಳ ಕಾಯ್ದೆ 2014ರ ಮೇ 1ರಿಂದ ಜಾರೀಲಿದೆ, ಅದನ್ನ ಕೂತು ಓದಿದೆ. ಕೊಳ್ಳೋರು ಮಾರೋರು ಹಿಂದಿನಿಂದ ಬಂದು ಸೇರೋ ಜಾಗಕ್ಕೆ ಅದರಲ್ಲಿ ಸ್ವಾಭಾವಿಕ ಮಾರುಕಟ್ಟೆ ಅಂತಾನೇ ವ್ಯಾಖ್ಯಾನ ಕೊಟ್ಟಿದ್ದಾರೆ. ಸ್ಥಳಾಂತರ ಅನ್ನೋದನ್ನ ಆದಷ್ಟು ತಪ್ಪಿಸಬೇಕು ಅಂತ ಇದೆ. ಬೀದಿ ವ್ಯಾಪಾರಿಗಳ ಸರ್ವೇ ಮುಗಿಸಿ ಎಲ್ರಿಗೂ ವ್ಯಾಪಾರದ ಪ್ರಮಾಣಪತ್ರ ಕೊಡೋವರೆಗೂ ಯಾರನ್ನೂ ಎಬ್ಬಿಸೋ ಹಾಗಿಲ್ಲ. ಪ್ರಮಾಣಪತ್ರ ಇದ್ದೋರನ್ನ ಎಬ್ಬಿಸ್ಬೇಕಾದ್ರೆ 30 ದಿನದ ನೋಟಿಸ್ ಕೊಡ್ಬೇಕು. ಮೈಕಲ್ಲಿ ಕೂಗೋದು ನೋಟಿಸ್ ಆಗುತ್ತಾ ಸರ್?

ಸರ್ವೇ ಐದು ವರ್ಷಕ್ಕೊಮ್ಮೆ ಆಗ್ಬೇಕು. ನಮ್ಮ ರಸ್ತೇಲಿ ಒಂದೇ ಸಲ ಆಗಿದ್ದು, ಅದೂ ಮಧ್ಯಾಹ್ನ ಎರಡು ಗಂಟೆಗೆ ಬಂದು ಎಣಿಸ್ಕೊಂಡು ಹೋದ್ರು. ಬೆಳಗ್ಗೆ ಹೂವು ಮಾರಿ ಹೋಗೋ ಆರು ಜನ ಹೆಂಗಸರು, ಸಂಜೆ ಬರೋ ಕಡ್ಲೆಕಾಯಿ ಗಾಡಿಯೋರು ಯಾರೂ ಲೆಕ್ಕಕ್ಕೆ ಬರ್ಲಿಲ್ಲ. ಊರಿನ ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ ಸರ್ವೇಲಿ ಸಿಕ್ಕ ಎಲ್ರಿಗೂ ಜಾಗ ಮಾಡ್ಕೊಡ್ಬೇಕು ಅನ್ನುತ್ತೆ ಕಾನೂನು, ಅಂದ್ರೆ ಒಂದು ಲಕ್ಷ ಜನರ ಊರಾದ್ರೆ 2,500 ವ್ಯಾಪಾರಿಗಳವರೆಗೂ.

ಅಮ್ಮ ಸರ್ವೇಲಿ ಇದ್ಲು, ನಿಮ್ಮ ಆಫೀಸೇ ಅವಳಿಗೆ ಪ್ರಮಾಣಪತ್ರ, ಗುರುತಿನ ಚೀಟಿ ಎರಡೂ ಕೊಟ್ಟಿದೆ. ಅದನ್ನ ತೋರಿಸೇ ಪಿಎಂ ಸ್ವನಿಧಿಯಲ್ಲಿ 10,000 ರೂಪಾಯಿ ಸಾಲ ತಗೊಂಡ್ಲು, ಒಂದು ಕಂತೂ ತಪ್ಪಿಸದೆ ತೀರ್ಸಿದ್ಲು, ಎರಡನೇ ಸಲ 20,000 ಸಿಕ್ತು. ಅದಕ್ಕೂ ಮುಂಚೆ ಬೆಳಗ್ಗೆ 900 ಕೈಗೆ ತಗೊಂಡು ಸಂಜೆ 1,000 ವಾಪಸ್ ಕೊಡೋ ಮೀಟರ್ ಬಡ್ಡೀಲಿ ಇದ್ದೋಳು, ಆ ಬಡ್ಡಿಯೋನು ಬೈಕ್ ನಿಲ್ಸಿದ್ರೆ ಸಾಕು ಅಮ್ಮನ ಮುಖ ಬದಲಾಗ್ತಿತ್ತು, ಅದು ನಿಂತಿದ್ದು ಈ ಸಾಲದಿಂದ, ಅದಕ್ಕೆ ನಾವು ಯಾವತ್ತೂ ಋಣಿ. ಈಗ ಅದೇ ಗುರುತಿನ ಚೀಟಿ ಇಟ್ಕೊಂಡಿರೋಳನ್ನ ನಿಮ್ಮ ಸಿಬ್ಬಂದಿ ಒತ್ತುವರಿ ಅಂತಾರೆ. ದಿನಾ ಬೆಳಗ್ಗೆ ಸುಂಕದೋರು ಬಂದು ಚೀಟಿ ಹರಿದು ದುಡ್ಡು ತಗೊಂಡು ಹೋಗ್ತಾರೆ. ಆ ಚೀಟಿಗಳನ್ನೆಲ್ಲ ಅಮ್ಮ ಬಿಸ್ಕತ್ ಡಬ್ಬೀಲಿ ಕೂಡಿಟ್ಟಿದ್ದಾಳೆ, ಯಾಕಮ್ಮ ಅಂದ್ರೆ ಯಾವತ್ತಾದ್ರೂ ಯಾರಾದ್ರೂ ಕೇಳಿದ್ರೆ ತೋರ್ಸೋಕೆ ಅಂತಾಳೆ. ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ.

ಫುಟ್‌ಪಾತ್ ನಡೆಯೋರದ್ದು ಅನ್ನೋದನ್ನ ನಾನು ಒಪ್ತೀನಿ. ಆಸ್ಪತ್ರೆ ಗೇಟ್ ಎದುರು ಗಾಡಿ ನಿಂತು ಆಂಬುಲೆನ್ಸ್‌ಗೆ ತೊಂದ್ರೆ ಆಗಿದ್ದನ್ನ ಕಣ್ಣಾರೆ ನೋಡಿದೀನಿ, ವೀಲ್‌ಚೇರ್‌ನೋರು ರಸ್ತೆಗೆ ಇಳೀಬೇಕಾಗಿರೋದನ್ನೂ ನೋಡಿದೀನಿ. ಬೀದಿ ವ್ಯಾಪಾರ ಮೂಲಭೂತ ಹಕ್ಕು ಅಂತ 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ರೂ ಇಂಥದ್ದೇ ಜಾಗ ಬೇಕು ಅನ್ನೋ ಹಕ್ಕು ಇಲ್ಲ ಅಂತಾನೂ ಅದೇ ತೀರ್ಪಲ್ಲಿ ಇದೆ. ಹಾಗಾಗಿ ಗೇಟಿಂದ ಇಷ್ಟು ಅಡಿ ಬಿಟ್ಟು ಕೂರಿ ಅನ್ನಿ, ಹಳದಿ ಗೆರೆ ಎಳೆದು ಒಬ್ಬೊಬ್ರಿಗೆ ಇಷ್ಟೇ ಅಂತ ನಂಬರ್ ಕೊಡಿ, ಬೆಳಗಿನೋರು ಎದ್ದ ಮೇಲೆ ಅದೇ ನಂಬರಲ್ಲಿ ಸಂಜೆಯೋರು ಕೂರ್ಲಿ. ಟೈಮ್ ಹಂಚಿ ಮಾರೋದಕ್ಕೂ ಕಾಯ್ದೇಲಿ ಅವಕಾಶ ಇದೆ. ಈ ರಸ್ತೇಲಿ ಜಾಗ ಇದೆ ಸರ್, ಎಡಗಡೆ ಇಡೀ ಸಾಲು ದಿನಪೂರ್ತಿ ಕಾರು ನಿಂತಿರುತ್ತೆ, ಒಂದು ಕಾರಿನ ಜಾಗದಲ್ಲಿ ಮೂರು ಮನೆ ಊಟ ಮಾಡ್ಬಹುದು.

ಅಂಗಡಿಯೋರು ದೂರು ಕೊಟ್ಟಿದ್ದಾರೆ ಅಂತ ನಿಮ್ಮ ಸಿಬ್ಬಂದಿ ಹೇಳಿದ್ರು. ಕೊಟ್ಟಿರಬಹುದು. ಆದ್ರೆ ಅಮ್ಮನ ಹಿಂದಿರೋ ಕಿರಾಣಿ ಅಂಗಡಿ ಅಣ್ಣನೇ ಅವಳಿಗೆ ಸಂಜೆ ಬಲ್ಬಿಗೆ ಕರೆಂಟ್ ಕೊಡೋದು, ತರಕಾರಿಗೆ ಬಂದೋರು ಅಲ್ಲೇ ಬೇಳೆ ಎಣ್ಣೆ ತಗೋತಾರೆ, ಚಿಲ್ಲರೆ ಇಲ್ಲಾಂದ್ರೆ ಇಬ್ರೂ ಒಬ್ರಿಗೊಬ್ರು ಕೊಟ್ಕೋತಾರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಅಮ್ಮ ಹೆದರಿ ಕ್ಯೂಆರ್ ಬೋರ್ಡನ್ನ ಗೋಣಿಚೀಲದ ಕೆಳಗೆ ಇಟ್ಟಿದ್ಲು, ತಾಜಾ ತರಕಾರಿಗೆ ಜಿಎಸ್‌ಟಿನೇ ಇಲ್ಲ ಕಣಕ್ಕ ಅಂತ ಕೂರ್ಸಿ ಹೇಳಿದ್ದು ಅದೇ ಅಂಗಡಿ ಅಣ್ಣ.

ಹಾಗಾಗಿ ನಾನು ಕೇಳ್ತಿರೋದು ಒಂದೇ. ಇದೇ ಕಾಯ್ದೆ ಪ್ರಕಾರ ಬೀದಿ ವ್ಯಾಪಾರದ ವಿಷಯ ನೋಡ್ಕೊಳ್ಳೋ ಪಟ್ಟಣ ವ್ಯಾಪಾರ ಸಮಿತಿ ಸಭೆ ಕರೀರಿ. ಅದಕ್ಕೆ ಅಧ್ಯಕ್ಷರು ನೀವೇ. ಸದಸ್ಯರಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಷ್ಟು ವ್ಯಾಪಾರಿಗಳೇ ಇರ್ಬೇಕು, ಅವರನ್ನ ವ್ಯಾಪಾರಿಗಳೇ ಚುನಾಯಿಸ್ಬೇಕು, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಮ್ಮ ರಸ್ತೇಲಿ ಯಾರನ್ನ ಕೇಳಿದ್ರೂ ಆ ಚುನಾವಣೆಗೆ ಓಟು ಹಾಕಿದ ನೆನಪಿಲ್ಲ. ಶೆಡ್ ಎಲ್ಲಿ ಕಟ್ಬೇಕು ಅಂತ ಅವರಲ್ಲಿ ಒಬ್ರನ್ನ ಕೇಳಿದ್ರೂ ಬಸ್ ಸ್ಟ್ಯಾಂಡ್ ಹಿಂದಿನ ಖಾಲಿ ಜಾಗ ತೋರಿಸ್ತಿದ್ರು, ಅಷ್ಟು ದುಡ್ಡೂ ಉಳೀತಿತ್ತು. ಸಭೆ ಆಗೋವರೆಗೂ ಯಾರನ್ನೂ ಎಬ್ಬಿಸಬೇಡಿ.

ಕೊನೇದಾಗಿ, ಹದಿನೈದು ದಿನದ ಹಿಂದೆ ನಿಮ್ಮ ಸಿಬ್ಬಂದಿ ಅಮ್ಮನ ತಕ್ಕಡಿ ಎತ್ಕೊಂಡು ಹೋದ್ರು. ಸಾಮಾನು ಜಪ್ತಿ ಮಾಡಿದ್ರೆ ಪಟ್ಟಿ ಬರೆದು ಕೊಡ್ಬೇಕು, ಕೇಳಿದ ಎರಡು ಕೆಲಸದ ದಿನದಲ್ಲಿ ವಾಪಸ್ ಕೊಡ್ಬೇಕು, ಕೊಳೆಯೋ ಮಾಲಾದ್ರೆ ಅದೇ ದಿನ ಅಂತ ಕಾಯ್ದೇಲಿದೆ. ಪಟ್ಟಿ ಕೊಟ್ಟಿಲ್ಲ, ಅಮ್ಮ ನಾಲ್ಕು ಸಲ ಬಂದು ಹೋಗಿದ್ದಾಳೆ, ಒಂದೊಂದು ಸಲಕ್ಕೂ ಅರ್ಧ ದಿನದ ವ್ಯಾಪಾರ ಹೋಯ್ತು. ಈಗ ಪಕ್ಕದೋರ ತಕ್ಕಡೀಲಿ ತೂಕ ಮಾಡ್ತಿದ್ದಾಳೆ, ಅವರಿಗೆ ಗಿರಾಕಿ ಇದ್ರೆ ಇವಳ ಗಿರಾಕಿ ಕಾಯ್ಬೇಕು, ಕೆಲವರು ಕಾಯಲ್ಲ. ಹಳೇ ಕೈತಕ್ಕಡಿ ಸರ್, ಮುದ್ರೆ ಹಾಕಿಸಿರೋದು, ಎಡಗಡೆ ತಟ್ಟೆ ಸರಪಳಿ ಒಂದು ಕಡೆ ಕಿತ್ತು ಹೋಗಿ ನೀಲಿ ದಾರ ಕಟ್ಟಿದೆ. ನಿಮ್ಮ ಆಫೀಸಿನ ಹಿಂದಿನ ಸ್ಟೋರ್ ರೂಮಲ್ಲಿ ಕಿಟಕಿ ಪಕ್ಕ ಇರೋದನ್ನ ಅಮ್ಮ ಹೊರಗಿಂದ ನೋಡಿ ಬಂದಿದ್ದಾಳೆ. ದಯವಿಟ್ಟು ಅದನ್ನ ಕೊಡಿಸಿ.

ಇಂತಿ,
ತರಕಾರಿ ಅಮ್ಮನ ಮಗ