ಕಾಳುಮೆಣಸಿನ ಬಾಡೂಟಕ್ಕೆ ಒಗ್ಗುವ ಕೆಂಪು ವೈನ್

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ವೈನ್ ಕುರಿತ ಬರಹದಲ್ಲಿ, ಕೆಂಪು ವೈನ್ ನಮ್ಮ ಖಾರದ ಅಡುಗೆಗೆ ಹೊಂದುವುದೇ ಇಲ್ಲ, ಅದನ್ನು ಚೀಸ್, ಬ್ರೆಡ್ ಜೊತೆಗೇ ಸವಿಯಬೇಕು ಎಂದು ಹೇಳಲಾಗಿತ್ತು. ಒಗರು ಹೆಚ್ಚಿರುವ ಕ್ಯಾಬರ್ನೆ ಸೋವಿನ್ಯೋನ್‌ನಂಥ ವೈನ್‌ಗಳ ಮಟ್ಟಿಗೆ ಆ ಮಾತು ಬಹುಪಾಲು ಸರಿ. ಆದರೆ ಜಿನ್‌ಫ್ಯಾಂಡೆಲ್ ದ್ರಾಕ್ಷಿಯ ಕೆಂಪು ವೈನನ್ನು ಮಲೆನಾಡಿನ ಬಾಡೂಟದೊಂದಿಗೆ ಹಲವು ವರ್ಷಗಳಿಂದ ಸವಿಯುತ್ತ ಬಂದಿರುವ ನನಗೆ ಈ ತೀರ್ಮಾನ ಒಪ್ಪಿಗೆಯಾಗಲಿಲ್ಲ.

ಖಾರವೆಲ್ಲ ಒಂದೇ ಬಗೆಯದಲ್ಲ. ಬಯಲುಸೀಮೆಯ ಒಣಮೆಣಸಿನಕಾಯಿಯ ಖಾರ ನಾಲಿಗೆಯನ್ನು ಸುಡುತ್ತದೆ. ಜಿನ್‌ಫ್ಯಾಂಡೆಲ್‌ನಲ್ಲಿ ಆಲ್ಕೋಹಾಲ್ ಪ್ರಮಾಣ ಸಾಮಾನ್ಯವಾಗಿ ಶೇ 14ರಿಂದ 16ರವರೆಗೆ ಇರುವುದರಿಂದ ಆ ಉರಿ ಇನ್ನಷ್ಟು ಏರುತ್ತದೆ. ನಮ್ಮ ತೋಟಗಳಲ್ಲಿ ಅಡಿಕೆ ಮರಕ್ಕೆ ಹಬ್ಬಿ ಬೆಳೆಯುವ ಕಾಳುಮೆಣಸಿನ ಘಾಟು ಹಾಗಲ್ಲ. ಕಬ್ಬಿಣದ ಬಾಣಲೆಯಲ್ಲಿ ಹಂದಿ ಮಾಂಸವನ್ನು ಅದರದೇ ಕೊಬ್ಬು ಕರಗಿ ಅಂಚು ಕಂದಾಗುವವರೆಗೆ ಹುರಿದು, ಒಲೆಯಿಂದ ಇಳಿಸುವ ಹೊತ್ತಿಗೆ ತರಿತರಿಯಾಗಿ ಕುಟ್ಟಿದ ಕಾಳುಮೆಣಸನ್ನು ಉದುರಿಸಿ, ಬಿಸಿ ಕಡುಬಿನೊಂದಿಗೆ ಬಡಿಸಿದಾಗ, ಈ ವೈನ್‌ನ ಕಾಡುಹಣ್ಣಿನ ಸ್ವಾದ ಮಾಂಸದ ಜಿಡ್ಡನ್ನು ಕಡಿಯುತ್ತದೆ. ಅದರಲ್ಲೇ ಅಡಗಿರುವ ಮೆಣಸಿನ ಪರಿಮಳ ತಟ್ಟೆಯಲ್ಲಿರುವ ಮೆಣಸಿಗೆ ದನಿಗೂಡಿಸುತ್ತದೆ. ಒಗರು ಹದವಾಗಿರುವುದರಿಂದ ಬಾಯಿ ಒಣಗುವುದಿಲ್ಲ. ನಾಟಿ ಕೋಳಿಯ ಹುರಿದ ಮಾಂಸಕ್ಕೂ ಮಳೆಗಾಲದ ಅಣಬೆ ಪಲ್ಯಕ್ಕೂ ಇದೇ ಮಾತು ಸಲ್ಲುತ್ತದೆ. ವಾಟೆಹುಳಿ ಹಾಕಿದ ಮೀನು ಸಾರಿನೊಂದಿಗೆ ಮಾತ್ರ ಬೇಡ: ಆ ಹುಳಿಯ ಮುಂದೆ ವೈನ್ ಸಪ್ಪೆಯಾಗುತ್ತದೆ.

ಆಲ್ಕೋಹಾಲ್ ಏರುವುದಕ್ಕೂ ಹಣ್ಣಿನ ಸ್ವಾದ ಗಾಢವಾಗುವುದಕ್ಕೂ ಈ ದ್ರಾಕ್ಷಿಯ ಗುಣವೇ ಕಾರಣ. ಕಾಳುಮೆಣಸಿನ ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದಾಗ ಉಳಿದವು ಹಸಿರಾಗಿಯೇ ಇರುವಂತೆ, ಜಿನ್‌ಫ್ಯಾಂಡೆಲ್ ಗೊಂಚಲಿನಲ್ಲೂ ಕಾಯಿ, ಹಣ್ಣು ಮತ್ತು ಬಳ್ಳಿಯಲ್ಲೇ ಒಣಗತೊಡಗಿದ ಹಣ್ಣು ಒಟ್ಟಿಗೇ ಇರುತ್ತವೆ. ಕಾಯಿಯೂ ಮಾಗಲಿ ಎಂದು ಕಾದರೆ ಉಳಿದ ಹಣ್ಣಿನಲ್ಲಿ ಸಕ್ಕರೆ ಹೆಚ್ಚುತ್ತದೆ, ಆ ಸಕ್ಕರೆಯೇ ಹುದುಗಿ ಆಲ್ಕೋಹಾಲ್ ಆಗುತ್ತದೆ. ಎಷ್ಟು ಕಾಯಬೇಕೆಂಬುದರಲ್ಲಿಯೇ ತಯಾರಕರ ಹದ ತಿಳಿಯುತ್ತದೆ. ಅತಿಯಾಗಿ ಮಾಗಿಸಿದ, ಜಾಮ್‌ನಂತೆ ಭಾರವಾದ ವೈನ್‌ಗಳನ್ನು ಮೆಚ್ಚುವವರು ಬಹಳ ಮಂದಿ ಇದ್ದಾರೆ. ಊಟದ ಜೊತೆಗೆ ಅವು ನನಗೆ ಹಿಡಿಸುವುದಿಲ್ಲ.

ನನ್ನ ಮೆಚ್ಚಿನದು ಕ್ಯಾಲಿಫೋರ್ನಿಯಾದ ಸೊನೋಮಾ ಪ್ರಾಂತ್ಯದ ದ್ರಾಕ್ಷಿಯಿಂದ ರಿಜ್ ಸಂಸ್ಥೆ ತಯಾರಿಸುವ ಗೈಸರ್‌ವಿಲ್. 1966ರಿಂದ ತಯಾರಾಗುತ್ತಿರುವ ಈ ವೈನ್‌ನಲ್ಲಿ ಜಿನ್‌ಫ್ಯಾಂಡೆಲ್ ಜೊತೆಗೆ ಕಾರಿನ್ಯಾನ್ ಮೊದಲಾದ ದ್ರಾಕ್ಷಿಗಳೂ ಬೆರೆತಿರುತ್ತವೆ. ತೋಟದ ಕೆಲವು ಬಳ್ಳಿಗಳಿಗೆ ನೂರು ವರ್ಷ ದಾಟಿದೆ. ಆ ನಾಡಿನಲ್ಲಿ ದುಡಿಯುವ ನಮ್ಮೂರಿನ ಮಕ್ಕಳು ರಜೆಗೆ ಬಂದಾಗಷ್ಟೇ ಅದು ನಮಗೆ ದಕ್ಕುವುದು. ನಿತ್ಯದ ಊಟಕ್ಕೆ ನಾಸಿಕ್‌ನ ಸುಲಾ ಜಿನ್‌ಫ್ಯಾಂಡೆಲ್ ಇದೆ. ಅಷ್ಟು ಗಾಢವಲ್ಲದಿದ್ದರೂ ಕೋಳಿ, ಅಣಬೆಗೆ ಧಾರಾಳವಾಗಿ ಸಾಕು. ಇಟಲಿಯ ಪುಲಿಯಾ ಪ್ರಾಂತ್ಯದ ಪ್ರಿಮಿಟಿವೊ ಸಿಕ್ಕರೆ ಅದನ್ನೂ ಅನುಮಾನಿಸದೆ ಕೊಳ್ಳಬಹುದು. ಅದೂ ಜಿನ್‌ಫ್ಯಾಂಡೆಲ್ ಕೂಡ ಒಂದೇ ತಳಿಯೆಂದು ಡಿಎನ್‌ಎ ಪರೀಕ್ಷೆಯಿಂದ ಸಾಬೀತಾಗಿದೆ. ಇವೆರಡರ ಮೂಲ ಕ್ರೊಯೇಷಿಯಾದ ಕಡಲತೀರದ ಹಳೆಯ ಬಳ್ಳಿಯೊಂದರಲ್ಲಿದೆ ಎಂಬುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿ ಕ್ಯಾರಲ್ ಮೆರೆಡಿತ್ ಅವರು ಕ್ರೊಯೇಷಿಯಾದ ಸಹೋದ್ಯೋಗಿಗಳೊಂದಿಗೆ 2001ರಲ್ಲಿ ಕಂಡುಕೊಂಡರು. ಹೀಗಿರುವಾಗ, ನಿಮ್ಮ ಲೇಖಕರು ಬರೆದಂತೆ ಇದನ್ನು ಅಪ್ಪಟ ಅಮೆರಿಕದ ದ್ರಾಕ್ಷಿ ಎನ್ನುವುದು ಸರಿಯಾಗಲಾರದು. ಇನ್ನು ಇದೇ ಹೆಸರಿನಲ್ಲಿ ಸಿಗುವ ಗುಲಾಬಿ ಬಣ್ಣದ ಸಿಹಿ ವೈನ್ ಬೇರೆಯೇ ವಸ್ತು; ಬಾಟಲಿಯನ್ನು ನೋಡಿ ಕೊಳ್ಳಬೇಕು.

ಶಿವಮೊಗ್ಗದ ಬೇಸಿಗೆಯಲ್ಲಿ ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲೇ ಕುಡಿಯಬೇಕೆಂಬ ಯುರೋಪಿನ ನಿಯಮ ಕೆಲಸಕ್ಕೆ ಬರುವುದಿಲ್ಲ. ಜಿನ್‌ಫ್ಯಾಂಡೆಲ್‌ಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಹಿತ. ಊಟಕ್ಕೆ ಮೊದಲೇ ಫ್ರಿಜ್‌ನಲ್ಲಿಟ್ಟು ಆ ಮಟ್ಟಕ್ಕೆ ತಂದರೆ ಆಲ್ಕೋಹಾಲ್‌ನ ಘಾಟು ಇಳಿದು ಹಣ್ಣಿನ ಸ್ವಾದ ಮೇಲೆ ಬರುತ್ತದೆ. ಆಗುಂಬೆ, ತೀರ್ಥಹಳ್ಳಿ ಕಡೆಯ ಆಷಾಢದ ಮಳೆಯಲ್ಲಿ ಅದಕ್ಕಿಂತ ಕಡಿಮೆ ಹೊತ್ತು ಸಾಕಾದೀತು. ನಮ್ಮ ಜಿಲ್ಲೆಯ ಕೆಲವು ಮದ್ಯದಂಗಡಿಗಳಲ್ಲಿ ವೈನ್ ಬಾಟಲಿಗಳನ್ನು ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿರುತ್ತಾರೆ. ಅಂಥ ಬಾಟಲಿಯನ್ನು ಒಮ್ಮೆ ಕೊಂಡವರು ಮತ್ತೆ ವೈನ್ ಕಡೆಗೆ ತಿರುಗಿ ನೋಡದಿದ್ದರೆ ಆಶ್ಚರ್ಯವಿಲ್ಲ.

ರಾಜ್ಯ ಸರ್ಕಾರ 2007ರಲ್ಲಿಯೇ ವೈನ್ ನೀತಿಯನ್ನು ರೂಪಿಸಿದ್ದರೂ, ಯಾವ ವೈನ್ ನಮ್ಮ ಯಾವ ಅಡುಗೆಗೆ ಹೊಂದುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆಯುವವರು ವಿರಳ. ಆದ್ದರಿಂದ ಪುರವಣಿಯ ಮುಂದಿನ ಬರಹಗಳಲ್ಲಿ ಚೀಸ್ ತಟ್ಟೆಯನ್ನು ಬದಿಗಿಟ್ಟು, ಕಡುಬು, ಅಕ್ಕಿ ರೊಟ್ಟಿ, ಕಳಲೆ ಪಲ್ಯಗಳ ಎದುರಿಗೇ ವೈನನ್ನು ಪರೀಕ್ಷಿಸಿ ಬರೆಸಬೇಕೆಂದು ವಿನಂತಿಸುತ್ತೇನೆ. ಕಳಲೆಗೆ ಯಾವುದು ಹೊಂದುತ್ತದೆ ಎಂಬುದು ನನಗಂತೂ ಇನ್ನೂ ಬಗೆಹರಿದಿಲ್ಲ.

– ಓರ್ವ ಓದುಗ, ತೀರ್ಥಹಳ್ಳಿ ತಾಲ್ಲೂಕು