ಫೋಟೊದ ಕೆಳಗೆ ಬಿಟ್ಟುಹೋದ ಹೆಸರು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮೆಕ್ಸಿಕೋದ ಹಳೆಯ ಸಿನಿಮಾಗಳ ಬಗ್ಗೆ ಒಂದು ಪುಟದ ಲೇಖನ ಹಾಕಿದ್ದೀರಿ. ತುಂಬಾ ಖುಷಿಯಾಯಿತು. ಆದರೆ ಓದಿ ಮುಗಿಸಿದ ಮೇಲೆ ಅಷ್ಟೇ ಬೇಜಾರೂ ಆಯಿತು. ಲೇಖನದ ಜೊತೆ 'ಮರಿಯಾ ಕಾಂಡೆಲಾರಿಯಾ' ಸಿನಿಮಾದ ಒಂದು ಕಪ್ಪು-ಬಿಳುಪು ಫೋಟೊ ಇತ್ತು. ಅದರ ಕೆಳಗೆ ನಟಿ ಡೊಲೊರೆಸ್ ಡೆಲ್ ರಿಯೊ ಹೆಸರಿದೆ, ನಿರ್ದೇಶಕ ಎಮಿಲಿಯೊ ಫೆರ್ನಾಂಡೆಸ್ ಹೆಸರೂ ಇದೆ. ಆ ಮುಖಕ್ಕೆ ಅಂಥ ಬೆಳಕು ಕೊಟ್ಟ ಕ್ಯಾಮೆರಾಮನ್ ಯಾರು? ಇಡೀ ಪುಟ ಎರಡು ಸಲ ಹುಡುಕಿದೆ, ಎಲ್ಲೂ ಇಲ್ಲ. 1946ರಲ್ಲಿ ಮೊದಲ ಕಾನ್ ಚಿತ್ರೋತ್ಸವ ನಡೆದಾಗ ಇದೇ ಸಿನಿಮಾಕ್ಕೆ ಅತ್ಯುತ್ತಮ ಛಾಯಾಗ್ರಹಣದ ಪ್ರಶಸ್ತಿ ಬಂದಿತ್ತು. ಹೀಗಿರುವಾಗ ಹೆಸರು ಬಿಟ್ಟುಹೋದರೆ ಹೇಗೆ?

ಅವರು ಗೇಬ್ರಿಯಲ್ ಫಿಗೆರೋವಾ. ಹುಟ್ಟಿದ್ದು 1907ರಲ್ಲಿ, ಮೆಕ್ಸಿಕೋ ಸಿಟಿಯಲ್ಲಿ. ಹುಟ್ಟಿದ ಕೆಲವೇ ದಿನಕ್ಕೆ ತಾಯಿ ತೀರಿಕೊಂಡರು, ಮನೆಯ ಹೆಂಗಸರು ಸಾಕಿದರು. ಚಿತ್ರಕಲೆ ಕಲಿಯಲು ಒಂದು ಕಡೆ, ಪಿಟೀಲು ಕಲಿಯಲು ಇನ್ನೊಂದು ಕಡೆ ಸೇರಿಕೊಂಡಿದ್ದ ಹುಡುಗ. ಮನೆಯ ದುಡ್ಡು ಕರಗಿದ ಮೇಲೆ ಎರಡನ್ನೂ ಬಿಟ್ಟು ಫೋಟೊ ಸ್ಟುಡಿಯೋದಲ್ಲಿ ಕೆಲಸಕ್ಕೆ ನಿಲ್ಲಬೇಕಾಯಿತು. ನಾನೂ ಹದಿನೇಳನೇ ವಯಸ್ಸಿಗೆ ಸ್ಟುಡಿಯೋ ಸೇರಿದವನು, ಹಾಗಾಗಿ ಈ ಮಾತು ಓದಿದಾಗಲೆಲ್ಲ ಎದೆಗೆ ಹತ್ತಿರವಾಗುತ್ತದೆ. 1932ರಲ್ಲಿ ಸಿನಿಮಾ ಸೆಟ್ಟಿನಲ್ಲಿ ಸ್ಟಿಲ್ ಫೋಟೊ ತೆಗೆಯುವ ಕೆಲಸ ಸಿಕ್ಕಿತು. 1935ರಲ್ಲಿ ಹಾಲಿವುಡ್‌ಗೆ ಹೋಗಿ ಗ್ರೆಗ್ ಟೋಲ್ಯಾಂಡ್ ಎಂಬ ದೊಡ್ಡ ಕ್ಯಾಮೆರಾಮನ್ ಹತ್ತಿರ ಕಲಿತರು. ಮರುವರ್ಷ ವಾಪಸ್ ಬಂದು ಸ್ವಂತವಾಗಿ ಕ್ಯಾಮೆರಾ ಹಿಡಿದರು. ಅಲ್ಲಿಂದ ಮುಂದೆ ಇನ್ನೂರಕ್ಕೂ ಹೆಚ್ಚು ಸಿನಿಮಾ.

ಅವರ ಆಕಾಶದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕಪ್ಪು-ಬಿಳುಪು ರೀಲಿನಲ್ಲಿ ಸುಮ್ನೆ ಆಕಾಶ ತೆಗೆದರೆ ನೀಲಿಯೂ ಬೆಳ್ಳಗೆ, ಮೋಡವೂ ಬೆಳ್ಳಗೆ, ಎರಡೂ ಕಲಸಿಹೋಗುತ್ತವೆ. ಲೆನ್ಸ್ ಮುಂದೆ ಕೆಂಪು ಫಿಲ್ಟರ್ ಹಾಕಿದರೆ ಅದು ನೀಲಿಯನ್ನು ತಡೆಯುತ್ತದೆ, ಆಕಾಶ ಕಪ್ಪಾಗಿ ಮೋಡ ಎದ್ದು ಬರುತ್ತದೆ. ನಾನೂ ಒಮ್ಮೆ ನಮ್ಮೂರ ಬೆಟ್ಟದ ಹತ್ತಿರ ನಿಂತು ಹೀಗೆ ಒಂದು ರೋಲ್ ತೆಗೆದಿದ್ದೆ. ಡಾರ್ಕ್ ರೂಮಿನ ಟ್ರೇಯಲ್ಲಿ ಪೇಪರ್ ಅಲ್ಲಾಡಿಸುತ್ತಿದ್ದಾಗ ಸ್ಲೇಟಿನಂಥ ಆಕಾಶದ ಮೇಲೆ ಹಿಂಜಿದ ಹತ್ತಿಯ ಹಾಗೆ ಮೋಡ ಮೂಡಿತು. ಆ ಸಂಜೆ ಇವತ್ತಿಗೂ ಮರೆತಿಲ್ಲ. ಫಿಗೆರೋವಾ ಇದನ್ನು ಎಷ್ಟೋ ದೂರ ಒಯ್ದರು. ಇನ್ಫ್ರಾರೆಡ್ ಫಿಲ್ಟರ್ ಬಳಸಿದರು, ದೂರದ ಮಂಜು ಮುಸುಕನ್ನು ತೆಗೆದರು, ಡಾಕ್ಟರ್ ಆಟ್ಲ್ ಎಂಬ ಚಿತ್ರಕಾರರ ಬೆಟ್ಟಗುಡ್ಡಗಳನ್ನು ನೋಡಿ ನೆಲ ಬಾಗಿದ ಹಾಗೆ ಕಾಣುವ ಚೌಕಟ್ಟು ಕಲಿತರು. ಡಿಯೆಗೊ ರಿವೆರಾ, ಒರೊಸ್ಕೊ, ಸಿಕೆರೋಸ್ ಎಂಬ ಚಿತ್ರಕಾರರು ಗೋಡೆಗಳ ಮೇಲೆ ಬರೆದ ಮೆಕ್ಸಿಕೋ ಇವರ ಕೈಯಲ್ಲಿ ಊರೂರಿನ ಪರದೆಗೆ ಬಂತು. ಒರೊಸ್ಕೊ ಅವರ ಒಂದು ಚಿತ್ರದಿಂದ ತೆಗೆದುಕೊಂಡ ದೃಶ್ಯವನ್ನು ಒರೊಸ್ಕೊ ಎದುರೇ ಪರದೆಯ ಮೇಲೆ ತೋರಿಸಿ, ನಾನು ಪ್ರಾಮಾಣಿಕ ಕಳ್ಳ ಅಂತ ಫಿಗೆರೋವಾ ಒಪ್ಪಿಕೊಂಡಿದ್ದರಂತೆ.

ಈ ಮೋಡಗಳನ್ನೇ ಹಿಡಿದು ಅವರನ್ನು ಬರೀ ಅಂದ ಕಟ್ಟುವವರು ಎಂದು ತಳ್ಳಿಹಾಕುವವರೂ ಇದ್ದಾರೆ. 'ನಸಾರಿನ್' ಸಿನಿಮಾ ತೆಗೆಯುವಾಗಿನ ಒಂದು ಕಥೆಯನ್ನು ಅದಕ್ಕೆ ಹೇಳುತ್ತಾರೆ. ಹಿಂದೆ ಪೊಪೊಕಾಟೆಪೆಟಲ್ ಜ್ವಾಲಾಮುಖಿ, ಅದರ ಮೇಲೆ ಬಿಳಿ ಮೋಡ, ಹೀಗೆ ಫಿಗೆರೋವಾ ಚೌಕಟ್ಟು ಹೊಂದಿಸಿ ಕೊಟ್ಟರು. ನಿರ್ದೇಶಕ ಲೂಯಿಸ್ ಬುನ್ಯುಯೆಲ್ ಕ್ಯಾಮೆರಾವನ್ನು ಹಿಂದಕ್ಕೆ ತಿರುಗಿಸಿ, ಏನೂ ವಿಶೇಷವಿಲ್ಲದ ಜಾಗ ತೋರಿಸಿ, ಇದನ್ನು ತೆಗೆಯಿರಿ ಎಂದರು. ಸರಿ. ಆದರೆ ಆ ಏನೂ ಇಲ್ಲದ ಜಾಗವನ್ನು ತೆಗೆದವರೂ ಫಿಗೆರೋವಾ ಅವರೇ ಅಲ್ವಾ? 1950ರ 'ಲೋಸ್ ಒಲ್ವಿದಾದೋಸ್' ನೋಡಿ. ಮೆಕ್ಸಿಕೋ ಸಿಟಿಯ ಬಡ ಹುಡುಗರ ಕಥೆ, ಅಲ್ಲಿ ಯಾವ ಅಲಂಕಾರವೂ ಇಲ್ಲ, ಬೆಳಕು ಕಣ್ಣಿಗೆ ರಾಚುತ್ತದೆ. ಕಥೆ ಏನು ಕೇಳುತ್ತದೋ ಅದನ್ನು ಕೊಡುವುದು ಕೆಲಸ ಬಲ್ಲವರ ಲಕ್ಷಣ. ಮೋಡ ಕಟ್ಟುವುದಕ್ಕಿಂತ ಮೋಡ ಬಿಡುವುದು ಕಷ್ಟ.

1960ರ 'ಮಕಾರಿಯೊ'ದಲ್ಲಿ ಒಂದು ಗುಹೆ ಬರುತ್ತದೆ. ಸಾವು ಬಡ ಸೌದೆಯವನನ್ನು ಅಲ್ಲಿಗೆ ಕರೆದೊಯ್ದು, ಇಲ್ಲಿ ಉರಿಯುವ ಒಂದೊಂದು ಮೇಣದಬತ್ತಿಯೂ ಒಬ್ಬೊಬ್ಬರ ಜೀವ ಎಂದು ತೋರಿಸುತ್ತದೆ. ಬಂಡೆಗಳ ಮೇಲೆಲ್ಲ ಬತ್ತಿಗಳು, ಕೆಲವು ಉದ್ದ, ಕೆಲವು ಕರಗಿ ಬುಡಕ್ಕೆ ಬಂದವು. ಆ ಬೆಳಕಲ್ಲಿ ಅವನ ಮುಖ. ಆ ದೃಶ್ಯ ಮುಗಿಯುವವರೆಗೆ ನಾನು ಉಸಿರು ಬಿಟ್ಟೆನೋ ಇಲ್ಲವೋ ಗೊತ್ತಿಲ್ಲ. ಆಸ್ಕರ್‌ನ ವಿದೇಶಿ ಚಿತ್ರ ವಿಭಾಗದಲ್ಲಿ ನಾಮನಿರ್ದೇಶನ ಪಡೆದ ಮೊದಲ ಮೆಕ್ಸಿಕನ್ ಸಿನಿಮಾ ಇದೇ. ನಿಮ್ಮ ಲೇಖಕರು ಈ ದೃಶ್ಯವನ್ನು ಎಂಟು ಸಾಲು ಹೊಗಳಿದ್ದಾರೆ, ಪೂರ್ತಿ ನಿರ್ದೇಶಕರ ಲೆಕ್ಕಕ್ಕೆ.

ಮನುಷ್ಯನಾಗಿಯೂ ಅವರು ಗಟ್ಟಿಗರು. 1940ರ ದಶಕದಲ್ಲಿ ಹಾಲಿವುಡ್‌ನ ಲ್ಯಾಬ್ ಕೆಲಸಗಾರರು ಮುಷ್ಕರ ಹೂಡಿದಾಗ ಅಲ್ಲಿನ ಕಂಪನಿಗಳು ಮೆಕ್ಸಿಕೋದಲ್ಲಿ ರೀಲು ತೊಳೆಸಿಕೊಳ್ಳಲು ನೋಡಿದವು. ಯೂನಿಯನ್ ಮುಂದಾಳಾಗಿದ್ದ ಫಿಗೆರೋವಾ ಅದಕ್ಕೆ ಒಪ್ಪಲಿಲ್ಲ. ಆಮೇಲೆ ಕಮ್ಯುನಿಸ್ಟ್ ಎಂಬ ಅನುಮಾನದಲ್ಲಿ ಅಮೆರಿಕದ ಬಾಗಿಲು ಅವರಿಗೆ ಮುಚ್ಚಿತು. ಆದರೂ ಹಾಲಿವುಡ್ ನಿರ್ದೇಶಕ ಜಾನ್ ಹ್ಯೂಸ್ಟನ್ ಮೆಕ್ಸಿಕೋಗೇ ಬಂದು ಅವರ ಕೈಲಿ 'ದಿ ನೈಟ್ ಆಫ್ ದಿ ಇಗ್ವಾನಾ' ತೆಗೆಸಿದರು, ಅದಕ್ಕೆ ಆಸ್ಕರ್ ನಾಮನಿರ್ದೇಶನ ಬಂತು. ಎಪ್ಪತ್ತು ದಾಟಿದ ಮೇಲೂ ಹ್ಯೂಸ್ಟನ್ ಜೊತೆ ಇನ್ನೊಂದು ಸಿನಿಮಾ ಮಾಡಿದರು. 1997ರ ಏಪ್ರಿಲ್‌ನಲ್ಲಿ, ತೊಂಬತ್ತು ತುಂಬಿದ ಮೂರನೇ ದಿನಕ್ಕೆ ತೀರಿಕೊಂಡರು.

ಇದು ಒಂದು ಲೇಖನದ ತಪ್ಪು ಅಂತ ಬರೆಯುತ್ತಿಲ್ಲ. ನಮ್ಮ ಪತ್ರಿಕೆಗಳ ವಿಮರ್ಶೆಗಳಲ್ಲೂ ಕೊನೆಗೆ 'ಛಾಯಾಗ್ರಹಣ ಕಣ್ಣಿಗೆ ಹಬ್ಬ' ಅಂತ ಒಂದು ಸಾಲು, ಎಷ್ಟೋ ಸಲ ಅದರಲ್ಲೂ ಹೆಸರಿರುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬೆಳಕಿಗೆ ಕಾದು ನಿಲ್ಲುವವರು ಅವರು. ದಯವಿಟ್ಟು ಮುಂದಿನ ಭಾನುವಾರ ಅದೇ ಪುಟದಲ್ಲಿ ಒಂದು ಸಾಲಿನ ತಿದ್ದುಪಡಿ ಹಾಕಿ. ಫೋಟೊ ಮತ್ತೆ ಹಾಕಲು ಜಾಗವಿದ್ದರೆ ಇನ್ನೂ ಒಳ್ಳೆಯದು. ಕೆಳಗೆ ಇಷ್ಟಿದ್ದರೆ ಸಾಕು: ಛಾಯಾಗ್ರಹಣ, ಗೇಬ್ರಿಯಲ್ ಫಿಗೆರೋವಾ.

ಇಂತಿ,
ನಿಮ್ಮ ಹಳೆಯ ಓದುಗ, ಅರಸೀಕೆರೆ